ಟೆಕ್ಲಾದಲ್ಲಿ ಕ್ಲಿಪ್ ಆಂಗಲ್ ಕನೆಕ್ಷನ್: ಲೆಕ್ಕ ಮೊದಲು, ಕ್ಲಿಕ್ ಆಮೇಲೆ

ಬೆಂಗಳೂರಿನಲ್ಲಿ ಕೂತು ಅಮೆರಿಕದ ಪ್ರಾಜೆಕ್ಟ್‌ಗಳಿಗೆ ಸ್ಟೀಲ್ ಡೀಟೇಲಿಂಗ್ (ಉಕ್ಕಿನ ಕಟ್ಟಡದ ಬಿಡಿಭಾಗಗಳ ಮಾಡೆಲ್, ಡ್ರಾಯಿಂಗ್) ಮಾಡುವ ಆಫೀಸುಗಳಲ್ಲಿ ಹೊಸಬರ ಕೈಗೆ ಬೇಗ ಬರುವ ಕನೆಕ್ಷನ್ ಎಂದರೆ ಕ್ಲಿಪ್ ಆಂಗಲ್. ಬೀಮಿನ ವೆಬ್‌ನ (ನಡುವಿನ ಲಂಬ ತಗಡಿನ) ಎರಡೂ ಬದಿಗೆ ಒಂದೊಂದು ಎಲ್ ಆಕಾರದ ಆಂಗಲ್ ತುಂಡು, ಅವುಗಳ ಇನ್ನೊಂದು ಲೆಗ್ ಗರ್ಡರಿನ (ಬೀಮನ್ನು ಹೊರುವ ದೊಡ್ಡ ಬೀಮಿನ) ವೆಬ್‌ಗೋ ಕಾಲಮ್ಮಿಗೋ ಬೋಲ್ಟ್ ಆಗಿರುತ್ತದೆ. ಟೆಕ್ಲಾ ಸ್ಟ್ರಕ್ಚರ್ಸ್ ಎಂಬ 3ಡಿ ಮಾಡೆಲಿಂಗ್ ಸಾಫ್ಟ್‌ವೇರಿನಲ್ಲಿ ಇದು ಎರಡು ಕ್ಲಿಕ್‌ಗೆ ಬಂದು ಕೂರುತ್ತದೆ. ಆದರೆ ಕೂತದ್ದು ಲೋಡ್ ತಡೆಯುತ್ತದೆಯೇ, ಸೈಟಿನಲ್ಲಿ ಬೋಲ್ಟ್ ತೂರಿಸಲು ಜಾಗವಿದೆಯೇ ಎಂಬುದು ಆ ಎರಡು ಕ್ಲಿಕ್‌ಗೆ ಗೊತ್ತಾಗುವುದಿಲ್ಲ.

ಹಾಗಾಗಿ ನಾನು ಹೊಸಬರಿಗೆ ಹೇಳುವ ಕ್ರಮ ಸ್ವಲ್ಪ ತಿರುಗುಮುರುಗು. ಡಯಲಾಗ್ ಬಾಕ್ಸ್ ಕೊನೆಗೆ ತೆರೆಯಿರಿ. ಅದಕ್ಕೂ ಮೊದಲು ಒಂದು ಕನೆಕ್ಷನ್ ಅನ್ನು ಕಾಗದದ ಮೇಲೆ ಪೂರ್ತಿ ಬಿಡಿಸಿ. ಅಲ್ಲಿ ಕಾರಣ ಸಮೇತ ಬರೆದ ಅಂಕಿಗಳನ್ನಷ್ಟೇ ಡಯಲಾಗಿನಲ್ಲಿ ತುಂಬಿ, ಉಳಿದ ಖಾನೆಗಳನ್ನು ಖಾಲಿ ಬಿಡಿ.

ಮೊದಲು ಕೇಳಬೇಕಾದ ಪ್ರಶ್ನೆ

ಈ ಕನೆಕ್ಷನ್ ಡಿಸೈನ್ ಯಾರ ಹೊಣೆ? ಅಮೆರಿಕದ ಉಕ್ಕಿನ ನಿರ್ಮಾಣ ಸಂಸ್ಥೆ ಎಐಎಸ್‌ಸಿಯ 303, ಅಂದರೆ ಕೋಡ್ ಆಫ್ ಸ್ಟ್ಯಾಂಡರ್ಡ್ ಪ್ರಾಕ್ಟೀಸ್, ಇದಕ್ಕೆ ಮೂರು ಆಯ್ಕೆ ಕೊಡುತ್ತದೆ. ಮೊದಲನೆಯದರಲ್ಲಿ ಸ್ಟ್ರಕ್ಚರಲ್ ಎಂಜಿನಿಯರೇ ಕನೆಕ್ಷನ್ನನ್ನು ಪೂರ್ತಿ ಡ್ರಾಯಿಂಗಿನಲ್ಲಿ ತೋರಿಸಿರುತ್ತಾರೆ. ನಾವು ಅದನ್ನು ಮಾಡೆಲ್‌ಗೆ ಇಳಿಸಿದರೆ ಸಾಕು. ಎರಡನೆಯದರಲ್ಲಿ ಎಂಜಿನಿಯರು ಕೊಟ್ಟ ಟೇಬಲ್ ಅಥವಾ ಮಾದರಿಯಿಂದ ಅನುಭವಿ ಡೀಟೇಲರ್ ಆರಿಸಿ ಪೂರ್ಣಗೊಳಿಸುತ್ತಾರೆ. ಮೂರನೆಯದರಲ್ಲಿ ಫ್ಯಾಬ್ರಿಕೇಟರ್ ಪರವಾಗಿ ಕೆಲಸ ಮಾಡುವ ಲೈಸೆನ್ಸ್ ಇರುವ ಎಂಜಿನಿಯರು ಡಿಸೈನ್ ಮಾಡುತ್ತಾರೆ. ನಿಮ್ಮ ಜಾಬ್ ಯಾವುದರಲ್ಲಿದೆ ಎಂದು ತಿಳಿಯದೆ ಬೋಲ್ಟ್ ಸಂಖ್ಯೆಗೆ ಕೈ ಹಾಕಬೇಡಿ. ಮೊದಲ ಆಯ್ಕೆಯ ಜಾಬಿನಲ್ಲಿ ಡ್ರಾಯಿಂಗಿನ ಕನೆಕ್ಷನ್ ಕೂರದಿದ್ದರೆ ನೀವೇ ತಿದ್ದುವಂತಿಲ್ಲ, ಎಂಜಿನಿಯರಿಗೆ ಆರ್‌ಎಫ್‌ಐ (ಮಾಹಿತಿ ಕೋರುವ ಪತ್ರ) ಬರೆಯಬೇಕು.

ಇದರ ಜೊತೆ ಇನ್ನೂ ನಾಲ್ಕು ಮಾಹಿತಿ ಕೈಯಲ್ಲಿರಲಿ: ಬೀಮ್ ತುದಿಯ ರಿಯಾಕ್ಷನ್ (ತುದಿ ತನ್ನ ಆಧಾರಕ್ಕೆ ದಾಟಿಸುವ ಲೋಡ್), ಬೋಲ್ಟಿನ ಗ್ರೇಡ್ ಮತ್ತು ಸೈಜು, ಆಂಗಲ್ಲನ್ನು ಬೀಮಿಗೆ ಶಾಪ್‌ನಲ್ಲಿ ವೆಲ್ಡ್ ಮಾಡುತ್ತಾರೋ ಬೋಲ್ಟ್ ಮಾಡುತ್ತಾರೋ, ಫ್ಯಾಬ್ರಿಕೇಟರ್ ಬಳಿ ಯಾವ ಆಂಗಲ್ ಸ್ಟಾಕ್ ಇದೆ. ಕೊನೆಯದನ್ನು ಹೊಸಬರು ಕೇಳುವುದೇ ಇಲ್ಲ. ಮಾಡೆಲ್‌ನಲ್ಲಿ ಐದು ಥರದ ಆಂಗಲ್ ಹಾಕಿ ಕಳಿಸಿದರೆ, ಎಲ್ಲವನ್ನೂ ಒಂದೇ ಸೈಜಿಗೆ ತನ್ನಿ ಎಂದು ಅಲ್ಲಿಂದ ವಾಪಸು ಬರುತ್ತದೆ.

ಬೀಮ್ ಓರೆಯಾಗಿ ಬರುತ್ತಿದ್ದರೆ ಈ ಮಾರ್ಗದರ್ಶಿ ನಿಮಗಲ್ಲ. ಆಂಗಲ್ ಎಂದರೆ ತೊಂಬತ್ತು ಡಿಗ್ರಿ. ಅಲ್ಲಿ ಬೆಂಟ್ ಪ್ಲೇಟ್ ಅಥವಾ ಶಿಯರ್ ಟ್ಯಾಬ್ ನೋಡಿ.

ಕಾಗದದ ಮೇಲೆ ಒಂದು ಕನೆಕ್ಷನ್

ಡಬ್ಲ್ಯು16×31 ಬೀಮ್ ಡಬ್ಲ್ಯು24×55 ಗರ್ಡರಿಗೆ ಬಂದು ಸೇರುತ್ತಿದೆ (ಡಬ್ಲ್ಯು ಎಂದರೆ ಅಮೆರಿಕದ ಐ ಆಕಾರದ ಸೆಕ್ಷನ್; ಅಂಕಿಗಳು ಇಂಚಿನಲ್ಲಿ ಸುಮಾರು ಆಳ, ಅಡಿಗೆ ಇಷ್ಟು ಪೌಂಡ್ ಎಂಬ ತೂಕ), ಎರಡರ ಟಾಪ್ ಆಫ್ ಸ್ಟೀಲ್ ಒಂದೇ ಮಟ್ಟ. ಎರಡೂ ಎ992 ಸ್ಟೀಲ್, ಆಂಗಲ್ ಎ36, ಬೋಲ್ಟ್ ¾ ಇಂಚಿನ ಎ325-ಎನ್ (ಎನ್ ಎಂದರೆ ಕತ್ತರಿಸುವ ತಲದಲ್ಲಿ ಥ್ರೆಡ್ ಇದೆ ಎಂದು ಹಿಡಿದದ್ದು). ಬೀಮಿನ ಆಳ 15.9 ಇಂಚು, ವೆಬ್ 0.275 ಇಂಚು. ಗರ್ಡರಿನ ಫ್ಲಾಂಜ್ (ವೆಬ್‌ನ ಮೇಲೂ ಕೆಳಗೂ ಇರುವ ಅಡ್ಡ ತಗಡು) ಅಗಲ 7.01 ಇಂಚು, ವೆಬ್ 0.395 ಇಂಚು.

ಸೆಟ್‌ಬ್ಯಾಕ್: ಗರ್ಡರ್ ವೆಬ್‌ನಿಂದ ಬೀಮ್ ತುದಿ ½ ಇಂಚು ಹಿಂದೆ ನಿಲ್ಲಬೇಕು. ಎಐಎಸ್‌ಸಿ ಮ್ಯಾನ್ಯುಯಲ್ ಹಿಡಿದಿರುವ ಅಳತೆ ಇದು. ಬೀಮ್ ಕತ್ತರಿಸುವಾಗ ತುಸು ಹೆಚ್ಚುಕಡಿಮೆಯಾದರೂ ಆಂಗಲ್ಲಿನ ಮುಖಕ್ಕಿಂತ ಬೀಮ್ ಮುಂದೆ ಬಾರದಿರಲಿ ಎಂಬುದು ಇದರ ಉದ್ದೇಶ.

ಆಂಗಲ್: ಎಲ್4×3½×3/8. ನಾಲ್ಕು ಇಂಚಿನ ಲೆಗ್ ಗರ್ಡರ್ ಕಡೆಗೆ (ಎಲ್ಲರೂ ಓಎಸ್‌ಎಲ್, ಅಂದರೆ ಔಟ್‌ಸ್ಟ್ಯಾಂಡಿಂಗ್ ಲೆಗ್ ಎನ್ನುವುದು ಇದನ್ನೇ), ಮೂರೂವರೆಯದು ಬೀಮ್ ವೆಬ್ ಕಡೆಗೆ. ಇನ್ನೂ ದಪ್ಪ ಆಂಗಲ್ ಹಾಕಿದರೆ ಭದ್ರ ಎನಿಸುವುದು ಸಹಜ, ಇಲ್ಲಿ ಮಾತ್ರ ಅದು ತಪ್ಪು. ಕ್ಲಿಪ್ ಆಂಗಲ್ ಸಿಂಪಲ್ ಶಿಯರ್ ಕನೆಕ್ಷನ್, ಅಂದರೆ ಲಂಬ ಲೋಡನ್ನಷ್ಟೇ ದಾಟಿಸುವಂಥದು. ಲೋಡ್ ಬಿದ್ದಾಗ ಬೀಮಿನ ತುದಿ ತುಸು ತಿರುಗಬೇಕು, ಓಎಸ್‌ಎಲ್ ಬಾಗಿ ಅದಕ್ಕೆ ಎಡೆ ಕೊಡಬೇಕು. ಈ ಕಾರಣಕ್ಕೇ ಮಾಮೂಲಿ ಗೇಜ್‌ಗಳಲ್ಲಿ (ಆಂಗಲ್ಲಿನ ಮೂಲೆಯಿಂದ ಬೋಲ್ಟ್ ಸಾಲಿಗೆ ಇರುವ ದೂರ) ಆಂಗಲ್ ದಪ್ಪ 5/8 ಇಂಚು ಮೀರಬಾರದು ಎನ್ನುತ್ತದೆ ಮ್ಯಾನ್ಯುಯಲ್.

ಬೋಲ್ಟ್ ಸಾಲು: ಮೂರು ಸಾಲು, 3 ಇಂಚು ಅಂತರ, ಮೇಲೂ ಕೆಳಗೂ 1¼ ಇಂಚು ಅಂಚು. ಆಂಗಲ್ ಉದ್ದ 8½ ಇಂಚು. ಆಂಗಲ್ ಉದ್ದ ಬೀಮಿನ ಟಿ ಅಳತೆಯ (ವೆಬ್‌ನ ಚಪ್ಪಟೆ ಭಾಗದ ಎತ್ತರದ) ಅರ್ಧಕ್ಕಿಂತ ಕಡಿಮೆ ಇರಬಾರದು, ಇಲ್ಲದಿದ್ದರೆ ಎರೆಕ್ಷನ್ (ಸೈಟಿನಲ್ಲಿ ಎತ್ತಿ ಜೋಡಿಸುವ) ವೇಳೆ ಬೀಮ್ ಹೊರಳಾಡುತ್ತದೆ. ಡಬ್ಲ್ಯು16×31ರ ಟಿ 13 5/8 ಇಂಚು, ಅರ್ಧ ಎಂದರೆ 6 13/16. ನಮ್ಮದು 8½, ಸರಿಹೋಯಿತು.

ಮೊದಲ ಬೋಲ್ಟ್: ಟಾಪ್ ಆಫ್ ಸ್ಟೀಲ್‌ನಿಂದ 3 ಇಂಚು ಕೆಳಗೆ. ಇಡೀ ಜಾಬಿಗೆ ಇದೊಂದನ್ನು ಕಲ್ಲಿನಲ್ಲಿ ಕೆತ್ತಿದಂತೆ ಹಿಡಿಯಿರಿ. ಗರ್ಡರಿನ ಆಚೆ ಬದಿಯಿಂದ ಬೇರೆ ಆಳದ ಬೀಮ್ ಬಂದರೂ ತೂತುಗಳು ತಾವಾಗಿ ಹೊಂದುತ್ತವೆ.

ಅಡ್ಡ ಅಳತೆ: ವೆಬ್ ಬೋಲ್ಟ್ ಗರ್ಡರ್ ಮುಖದಿಂದ 2¼ ಇಂಚು. ಅದರಲ್ಲಿ ½ ಸೆಟ್‌ಬ್ಯಾಕ್ ಕಳೆದರೆ ಬೀಮ್ ತುದಿಯಿಂದ 1¾, ಆಂಗಲ್ ಅಂಚಿನಿಂದ 1¼. ಓಎಸ್‌ಎಲ್‌ನ ಎರಡು ಬೋಲ್ಟ್ ಸಾಲುಗಳ ನಡುವೆ 5½ ಇಂಚು. ವೆಬ್ ದಪ್ಪ ಕಳೆದು ಅರ್ಧ ಮಾಡಿದರೆ ಪ್ರತಿ ಆಂಗಲ್ಲಿನ ಗೇಜ್ 2.61, ಅಂಚಿಗೆ ಉಳಿಯುವುದು 1.39. ¾ ಬೋಲ್ಟಿಗೆ ಕನಿಷ್ಠ 1 ಇಂಚು ಸಾಕು.

ಕೋಪ್ (ಗರ್ಡರಿನ ಫ್ಲಾಂಜಿಗೆ ತಾಗದಂತೆ ಬೀಮಿನ ಮೂಲೆಯಲ್ಲಿ ಕತ್ತರಿಸುವ ನಾಚ್): ಗರ್ಡರ್ ವೆಬ್ ಮುಖದಿಂದ ಫ್ಲಾಂಜ್ ತುದಿಗೆ 3.31 ಇಂಚು. ಸೆಟ್‌ಬ್ಯಾಕ್ ಕಳೆದರೆ 2.81. ಅದಕ್ಕೆ ಸುಮಾರು ಅರ್ಧ ಇಂಚು ಸಂದು ಸೇರಿಸಿ ಮೇಲಕ್ಕೆ ಸುತ್ತಿದರೆ ಉದ್ದ 3½. ಆಳ ಗರ್ಡರಿನ ಕೆ ಅಳತೆಯನ್ನು (ಫ್ಲಾಂಜಿನ ಹೊರಮುಖದಿಂದ ಬೇರಿನ ರೇಡಿಯಸ್ ಮುಗಿಯುವವರೆಗಿನ ದೂರ) ದಾಟಬೇಕು, 1½ ಇಂಚು. ಆಂಗಲ್ಲಿನ ಮೇಲಂಚು ಟಾಪ್‌ನಿಂದ 1¾ ಇಂಚು ಕೆಳಗಿದೆ, ಕೋಪ್‌ಗಿಂತ ಕಾಲು ಇಂಚು ಕೆಳಗೆ. ಎಲ್ಲವೂ ಕೂರುತ್ತದೆ.

ಈ ಮೂರು ಬೋಲ್ಟ್ ಎಷ್ಟು ತಡೆಯುತ್ತವೆ?

ಮಾಡೆಲರ್‌ಗೆ ಈ ಲೆಕ್ಕ ಬೇಕಿಲ್ಲ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಸಹಿ ಹಾಕುವುದು ಎಂಜಿನಿಯರೇ ಇರಬಹುದು. ಆದರೆ ಯಾವ ಖಾನೆಯ ಅಂಕಿ ಬದಲಾದರೆ ಏನು ಕುಸಿಯುತ್ತದೆ ಎಂದು ತಿಳಿಯಲು ಒಮ್ಮೆಯಾದರೂ ಲೆಕ್ಕ ಹಾಕಿರಬೇಕು.

ಎಲ್‌ಆರ್‌ಎಫ್‌ಡಿ ಎಂಬ ಡಿಸೈನ್ ವಿಧಾನದ ಪ್ರಕಾರ ¾ ಇಂಚಿನ ಎ325-ಎನ್ ಬೋಲ್ಟ್ ಡಬಲ್ ಶಿಯರ್‌ನಲ್ಲಿ (ಎರಡು ತಲಗಳಲ್ಲಿ ಕತ್ತರಿಸುವ ಬಲ ಬಿದ್ದಾಗ) 35.8 ಕಿಪ್ ತಡೆಯುತ್ತದೆ; ಕಿಪ್ ಎಂದರೆ ಸಾವಿರ ಪೌಂಡ್. ಮೂರಕ್ಕೆ 107. ಇದನ್ನು ನೋಡಿ ಸಮಾಧಾನಪಟ್ಟುಕೊಂಡರೆ ಕೆಟ್ಟಿರಿ. ಬೀಮಿನ ವೆಬ್ ತೆಳು, 0.275 ಇಂಚಿನ ವೆಬ್ ಬೇರಿಂಗ್‌ನಲ್ಲಿ (ಬೋಲ್ಟ್ ತೂತಿನ ಗೋಡೆಯನ್ನು ಒತ್ತುವಾಗ) ತಡೆಯುವುದು ಬೋಲ್ಟಿಗೆ 24.1 ಕಿಪ್ ಮಾತ್ರ. ಮೇಲಿನ ಬೋಲ್ಟ್ ಕೋಪ್ ಅಂಚಿನಿಂದ 1½ ಇಂಚು ದೂರದಲ್ಲಷ್ಟೇ ಇರುವುದರಿಂದ ಅದು ಹರಿದು ಬರುವ ಮಿತಿ 17.6. ಕೂಡಿದರೆ ಸುಮಾರು 66. ಇನ್ನು ಬ್ಲಾಕ್ ಶಿಯರ್: ಕೋಪ್ ಮಾಡಿದ ವೆಬ್‌ನಲ್ಲಿ ಬೋಲ್ಟ್ ಸಾಲಿನ ಉದ್ದಕ್ಕೆ ಒಂದು ತುಂಡೇ ಕಿತ್ತು ಬರುವುದು. ಬೀಮ್ ಕಾಲು ಇಂಚು ಗಿಡ್ಡವಾಗಿ ಬರಬಹುದೆಂದು ತುದಿಯ ಅಂಚನ್ನು 1½ ಇಂಚು ಎಂದು ಹಿಡಿದರೆ ಸುಮಾರು 57 ಕಿಪ್. ಈ ಪರೀಕ್ಷೆಗಳಲ್ಲಿ ಎಲ್ಲಕ್ಕಿಂತ ಕಡಿಮೆ ಇದೇ.

107 ಎಲ್ಲಿ, 57 ಎಲ್ಲಿ. ಡ್ರಾಯಿಂಗಿನ ರಿಯಾಕ್ಷನ್ 40 ಕಿಪ್ ಇದ್ದರೆ ಈ ಲೆಕ್ಕದ ಮಟ್ಟಿಗೆ ಚಿಂತೆಯಿಲ್ಲ. 60 ಇದ್ದರೆ ಬೋಲ್ಟ್ ದಪ್ಪ ಮಾಡಿ ಪ್ರಯೋಜನವಿಲ್ಲ, ತೂತು ದೊಡ್ಡದಾಗಿ ವೆಬ್ ಇನ್ನಷ್ಟು ಕಳೆದುಕೊಳ್ಳುತ್ತದೆ. ನಾಲ್ಕನೇ ಸಾಲು ಸೇರಿಸಬೇಕು: ಆಂಗಲ್ 11½ ಇಂಚಾಗಿ ಟಾಪ್‌ನಿಂದ 13¼ ಇಂಚಿಗೆ ಮುಗಿಯುತ್ತದೆ, ಕೆಳ ಫ್ಲಾಂಜಿಗೆ ತಾಗುವುದಿಲ್ಲ. ಕೋಪ್ ಆಳವನ್ನು ಯಾರೋ ಸುಮ್ಮನೆ 2 ಇಂಚು ಎಂದು ತುಂಬಿದರೆ ಮೇಲಿನ ಬೋಲ್ಟಿನ ಅಂಚು 1 ಇಂಚಿಗೆ ಇಳಿಯುತ್ತದೆ, ಆಂಗಲ್ಲಿನ ಮೇಲಂಚು ಕೋಪ್ ಒಳಗೆ ಇಣುಕುತ್ತದೆ. ನಾಚ್ ಟ್ಯಾಬಿನ ಒಂದು ಖಾನೆಗೆ ಇಷ್ಟು ಬೆಲೆ.

ಈಗ ಡಯಲಾಗ್ ತೆರೆಯಿರಿ

ಹಂತ 1. ಕಂಟ್ರೋಲ್ ಮತ್ತು ಎಫ್ ಒತ್ತಿದರೆ ಅಪ್ಲಿಕೇಶನ್ಸ್ ಆ್ಯಂಡ್ ಕಾಂಪೊನೆಂಟ್ಸ್ ಪಟ್ಟಿ ಬರುತ್ತದೆ. 141 ಎಂದು ಹುಡುಕಿ. ಕ್ಲಿಪ್ ಆಂಗಲ್ (141) ಒಂದು ಬೀಮಿಗೆ. ಗರ್ಡರಿನ ಎರಡೂ ಬದಿಯಿಂದ ಬೀಮ್ ಬಂದು ಅದೇ ತೂತು ಹಂಚಿಕೊಳ್ಳುವುದಾದರೆ ಟೂ ಸೈಡೆಡ್ ಕ್ಲಿಪ್ ಆಂಗಲ್ (143). ಎರಡು ಬದಿಗೂ ಬೇರೆ ಬೇರೆ 141 ಹಾಕಿದರೆ ಒಂದೇ ಜಾಗದಲ್ಲಿ ಎರಡು ಬೋಲ್ಟ್ ಗುಂಪು ಬಂದು, ಬೋಲ್ಟ್ ಲಿಸ್ಟಿನಲ್ಲಿ ಲೆಕ್ಕ ಜಾಸ್ತಿಯಾಗುತ್ತದೆ. ಬೋಲ್ಟಿನ ಉದ್ದವೂ ತಪ್ಪಾಗುತ್ತದೆ.

ಹಂತ 2. ಮೊದಲು ಗರ್ಡರ್, ಆಮೇಲೆ ಬೀಮ್ ಕ್ಲಿಕ್ ಮಾಡಿ. 141ರಲ್ಲಿ ಬೀಮ್ ಮುಟ್ಟಿದ ಕೂಡಲೇ ಕನೆಕ್ಷನ್ ಬರುತ್ತದೆ. 143ರಲ್ಲಿ ಗರ್ಡರ್, ಒಂದು ಬೀಮ್, ಇನ್ನೊಂದು ಬೀಮ್, ಕೊನೆಗೆ ಮೌಸಿನ ನಡುಗುಂಡಿ. ಏನೂ ತುಂಬದೆ ಮೊದಲು ಹೀಗೇ ಹಾಕಿ ನೋಡಿ. ಸಾಫ್ಟ್‌ವೇರ್ ತಾನಾಗಿ ಏನು ಕೊಡುತ್ತದೆ ಎಂದು ತಿಳಿಯುತ್ತದೆ. ಆಮೇಲೆ ಕನೆಕ್ಷನ್ನಿನ ಕೋನ್ ಗುರುತಿನ ಮೇಲೆ ಡಬಲ್ ಕ್ಲಿಕ್.

ಹಂತ 3. ಆಂಗಲ್ ಪ್ರೊಫೈಲನ್ನು ಕ್ಯಾಟಲಾಗ್‌ನಿಂದಲೇ ಆರಿಸಿ. ಯಾವ ಲೆಗ್ ಎತ್ತ ಹೋಯಿತು ಎಂದು ಮಾಡೆಲ್‌ನಲ್ಲಿ ಅಳೆದು ನೋಡಿ. 4×3½ರಲ್ಲಿ ಅರ್ಧ ಇಂಚಿನ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ, ಗೇಜ್ ಮಾತ್ರ ಕೆಡುತ್ತದೆ. ಮೆಟೀರಿಯಲ್ ಎ36 ಇದೆಯೇ, ಪಾರ್ಟ್ ಪ್ರಿಫಿಕ್ಸ್ ಜಾಬಿನ ಪಟ್ಟಿಗೆ ತಕ್ಕಂತಿದೆಯೇ ಇಲ್ಲೇ ನೋಡಿಬಿಡಿ. ಒಂದು ಬದಿಯೋ ಎರಡು ಬದಿಯೋ, ವೆಲ್ಡೋ ಬೋಲ್ಟೋ ಎಂಬ ಆಯ್ಕೆಗಳ ಜಾಗ ಆವೃತ್ತಿಗೆ ತಕ್ಕಂತೆ ಅಷ್ಟಿಷ್ಟು ಬದಲಾಗುತ್ತದೆ. ಖಾನೆಯ ಹೆಸರಿಗಿಂತ ಪಕ್ಕದ ಚಿತ್ರವನ್ನು ನಂಬಿ.

ಹಂತ 4. ಬೋಲ್ಟ್ ಟ್ಯಾಬ್. ಇಲ್ಲಿ ಅವಸರ ಬೇಡ. ಬೋಲ್ಟ್ ಗುಂಪು ಎರಡಿವೆ, ಬೀಮ್ ವೆಬ್‌ಗೆ ಒಂದು, ಗರ್ಡರಿಗೆ ಒಂದು. ಎರಡಕ್ಕೂ ಸೈಜು, ಸ್ಟ್ಯಾಂಡರ್ಡ್, ಸಾಲು, ಅಂತರ, ಅಂಚು ಪ್ರತ್ಯೇಕ. ಅಂತರದ ಖಾನೆಯಲ್ಲಿ 2*3 ಎಂದು ಗುಣಿಸಿ ಬರೆಯಬಹುದು. ಮೇಲಿನಿಂದ ಮೊದಲ ಬೋಲ್ಟಿಗೆ 3 ಇಂಚು ಎಂಬುದನ್ನು ಲಂಬ ಅಳತೆಯ ಖಾನೆಯಲ್ಲಿ ಕೈಯಾರೆ ಕೊಡಿ. ಬಿಟ್ಟರೆ ಬೀಮಿನ ಆಳಕ್ಕೆ ತಕ್ಕಂತೆ ಸ್ಥಾನ ಬದಲಾಗುವ ಸಂಭವವಿದೆ.

ಬೀಮ್ ವೆಬ್‌ನ ಬೋಲ್ಟ್ ಶಾಪ್‌ನಲ್ಲಿ ಹಾಕುವುದಾದರೆ ವರ್ಕ್‌ಶಾಪ್ ಎಂದೂ, ಗರ್ಡರಿನದನ್ನು ಸೈಟ್ ಎಂದೂ ಗುರುತು ಮಾಡಿ. ಈ ಒಂದು ಆಯ್ಕೆ ತಪ್ಪಿದರೆ ಮಾಡೆಲ್‌ನಲ್ಲಿ ಯಾವ ಬದಲಾವಣೆಯೂ ಕಾಣುವುದಿಲ್ಲ. ಫೀಲ್ಡ್ ಬೋಲ್ಟ್ ಲಿಸ್ಟ್ ಮಾತ್ರ ತಪ್ಪಾಗಿ, ಬೀಮ್ ಮೇಲೇರಿಸಿದ ದಿನ ಬೋಲ್ಟ್ ಸಾಲದೆ ಬರುತ್ತದೆ.

ತೂತಿನ ಟಾಲರೆನ್ಸ್ 1/16 ಇಂಚು, ಅಂದರೆ ¾ ಬೋಲ್ಟಿಗೆ 13/16ರ ತೂತು. ಓಎಸ್‌ಎಲ್‌ನಲ್ಲಿ ಅಡ್ಡ ಶಾರ್ಟ್ ಸ್ಲಾಟ್ ಬೇಕೆಂದರೆ ಅದರ ಅಳತೆ 13/16×1. ಆದರೆ ಟೆಕ್ಲಾದ ಸ್ಲಾಟ್ ಖಾನೆಗೆ ಕೊಡಬೇಕಾದ್ದು ಪೂರ್ತಿ ಉದ್ದವಲ್ಲ, ತೂತಿಗಿಂತ ಹೆಚ್ಚಿಗೆ ಇರುವ ಉದ್ದ: 3/16. 1 ಎಂದು ಹೊಡೆದರೆ ಸ್ಲಾಟ್ ಎರಡು ಇಂಚಿನ ಹತ್ತಿರ ಬೆಳೆಯುತ್ತದೆ. ಸ್ಲಾಟ್ ಆಂಗಲ್ಲಿನಲ್ಲಿ ಬಂತೋ ಗರ್ಡರ್ ವೆಬ್‌ನಲ್ಲಿ ಬಂತೋ ಎಂಬುದನ್ನೂ ಕ್ಲಿಕ್ ಮಾಡಿ ಖಚಿತಪಡಿಸಿಕೊಳ್ಳಿ.

ಹಂತ 5. ನಾಚ್ ಟ್ಯಾಬ್. ಆಟೊಮ್ಯಾಟಿಕ್ ಬಿಟ್ಟರೆ ಗರ್ಡರ್ ಬದಲಾದಾಗ ಕೋಪ್ ತಾನೇ ಬದಲಾಗುತ್ತದೆ. ಡಿಸೈನ್ ಇನ್ನೂ ಓಡಾಡುತ್ತಿರುವ ಜಾಬಿನಲ್ಲಿ ಇದು ದೊಡ್ಡ ಅನುಕೂಲ. ಸಂದು ಮತ್ತು ರೌಂಡಿಂಗ್ ಅಂಕಿಗಳನ್ನು ಮಾತ್ರ ನೀವು ಕೊಡಿ, 3½ ಮತ್ತು 1½ ಬರುತ್ತದೆಯೇ ಎಂದು ಕಾಗದದ ಲೆಕ್ಕದೊಂದಿಗೆ ತಾಳೆ ನೋಡಿ. ಮೂಲೆಗೆ ರೇಡಿಯಸ್ ಕೊಡುವುದನ್ನು ಮರೆಯಬೇಡಿ, ಚೂಪಾಗಿ ಕತ್ತರಿಸಿದ ಮೂಲೆಯಿಂದ ಬಿರುಕು ಶುರುವಾಗುತ್ತದೆ.

ಖಾಲಿ ಖಾನೆಯೂ ಸೊನ್ನೆಯೂ ಒಂದಲ್ಲ. ಖಾಲಿ ಎಂದರೆ ಸಾಫ್ಟ್‌ವೇರ್ ತನ್ನ ಡಿಫಾಲ್ಟನ್ನು ಹಿಡಿಯುತ್ತದೆ. ಸೊನ್ನೆ ಎಂದರೆ ನೀವು ಸೊನ್ನೆ ಕೊಟ್ಟಿದ್ದೀರಿ. ಡಿಫಾಲ್ಟ್ ಬೇಕೆಂದು ಸೊನ್ನೆ ತುಂಬುವ ಅಭ್ಯಾಸ ಬೇರೆ ಸಾಫ್ಟ್‌ವೇರಿನಿಂದ ಬಂದವರಲ್ಲಿ ಜಾಸ್ತಿ.

ಮಾಡಿಫೈ ಒತ್ತುವ ಮುನ್ನ

ಡಯಲಾಗಿನ ಪ್ರತಿ ಖಾನೆಯ ಪಕ್ಕ ಒಂದು ಟಿಕ್ ಇರುತ್ತದೆ. ಮಾಡಿಫೈ ಒತ್ತಿದಾಗ ಟಿಕ್ ಇರುವ ಖಾನೆಗಳಷ್ಟೇ ಮಾಡೆಲ್‌ಗೆ ಹೋಗುತ್ತವೆ. ಐವತ್ತು ಕನೆಕ್ಷನ್ ಸೆಲೆಕ್ಟ್ ಮಾಡಿ ಎಲ್ಲಕ್ಕೂ ಸ್ಲಾಟ್ ಒಂದನ್ನು ಬದಲಾಯಿಸಬೇಕು ಎನ್ನಿ. ಟಿಕ್‌ಗಳನ್ನೆಲ್ಲ ಒಮ್ಮೆಗೇ ತೆಗೆದು, ಸ್ಲಾಟ್ ಖಾನೆಗೆ ಮಾತ್ರ ಟಿಕ್ ಹಾಕಿ, ಆಮೇಲೆ ಮಾಡಿಫೈ. ಹಾಗೆ ಮಾಡದೆ ಒತ್ತಿದರೆ ಒಬ್ಬ ಚೆಕರ್ ದಿನವಿಡೀ ಕೂತು ಸರಿಮಾಡಿದ್ದ ಬೋಲ್ಟ್ ಸಾಲುಗಳೆಲ್ಲ ನಿಮ್ಮ ಡಯಲಾಗಿನ ಅಂಕಿಗೆ ತಿರುಗುತ್ತವೆ, ಯಾವ ಎಚ್ಚರಿಕೆಯೂ ಬರುವುದಿಲ್ಲ.

ಸರಿಯಾದ ಸೆಟ್ಟಿಂಗನ್ನು ಸೇವ್ ಆ್ಯಸ್ ಕೊಟ್ಟು ಇಟ್ಟುಕೊಳ್ಳಿ. ಅದು ಮಾಡೆಲ್ ಫೋಲ್ಡರಿನ ಆಟ್ರಿಬ್ಯೂಟ್ಸ್ ಒಳಗೆ ಜೆ141 ಎಂಬ ಎಕ್ಸ್‌ಟೆನ್ಶನ್ನಿನ ಫೈಲಾಗಿ ಕೂರುತ್ತದೆ. ಟೀಮಿನ ಎಲ್ಲರಿಗೂ, ಮುಂದಿನ ಜಾಬಿಗೂ ಬೇಕಾದರೆ ಫರ್ಮ್ ಫೋಲ್ಡರಿಗೆ ಹಾಕಿಸಿ. ಹೆಸರಿಡುವಾಗ ಸಾಲು, ಬೋಲ್ಟ್, ಶಾಪ್ ವಿಧಾನ ಮೂರೂ ಕಾಣುವಂತಿರಲಿ. ಟೆಸ್ಟ್1, ಫೈನಲ್2 ಎಂಬ ಹೆಸರುಗಳನ್ನು ಒಂದು ತಿಂಗಳ ನಂತರ ಇಟ್ಟವರೇ ಗುರುತಿಸಲಾರರು.

ಕಾಲಮ್ ವೆಬ್‌ನಲ್ಲಿ ಎರಡು ಬೀಮ್

ಕಾಲಮ್ ವೆಬ್‌ನ ಎರಡೂ ಬದಿಯಿಂದ ಬೀಮ್ ಬಂದು ಒಂದೇ ತೂತುಗಳನ್ನು ಹಂಚಿಕೊಂಡರೆ ಎರೆಕ್ಟರ್‌ಗೆ ಅದು ಜೀವದ ಪ್ರಶ್ನೆ. ಮೊದಲ ಬೀಮನ್ನು ಬೋಲ್ಟ್ ಹಾಕಿ ನಿಲ್ಲಿಸಿದ್ದಾರೆ. ಎರಡನೆಯದನ್ನು ಸೇರಿಸಬೇಕೆಂದರೆ ಅದೇ ಬೋಲ್ಟ್‌ಗಳ ನಟ್ ಬಿಚ್ಚಬೇಕು, ಆ ಗಳಿಗೆಯಲ್ಲಿ ಮೊದಲನೆಯದು ಜಾರಿ ಬೀಳಬಹುದು. ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ಓಶಾ 2001ರಲ್ಲಿ ತಂದ ಸ್ಟೀಲ್ ಎರೆಕ್ಷನ್ ನಿಯಮಗಳಲ್ಲಿ ಇದಕ್ಕೆಂದೇ ಒಂದು ಕಟ್ಟಳೆ ಇದೆ: ಕಾಲಮ್ ವೆಬ್‌ನಲ್ಲಿ, ಅಥವಾ ಕಾಲಮ್ ತಲೆಯ ಮೇಲೆ ಹಾಯುವ ಬೀಮ್ ವೆಬ್‌ನಲ್ಲಿ, ಹೀಗೆ ತೂತು ಹಂಚಿಕೊಂಡಾಗ ಕನಿಷ್ಠ ಒಂದು ಬೋಲ್ಟ್ ನಟ್ ಬಿಗಿದ ಸ್ಥಿತಿಯಲ್ಲಿ ಮೊದಲ ಬೀಮನ್ನು ಹಿಡಿದೇ ಇರಬೇಕು. ಇಲ್ಲವೇ ಸೀಟ್ ಅಥವಾ ಅಂಥದೇ ಇನ್ನೊಂದು ಆಸರೆ ಕೊಡಬೇಕು.

ಮಾಡೆಲ್‌ನಲ್ಲಿ ಇದಕ್ಕೆ ಸುಲಭದ ದಾರಿ, ಒಂದು ಬದಿಯ ಆಂಗಲ್ಲನ್ನು ಒಂದು ಸಾಲು ಹೆಚ್ಚು ಉದ್ದ ಮಾಡುವುದು. ಆ ಹೆಚ್ಚಿನ ಬೋಲ್ಟ್ ಮೊದಲ ಬೀಮಿಗಷ್ಟೇ ಸೇರಿದ್ದು, ಎರಡನೆಯದು ಬಂದಾಗಲೂ ಬಿಚ್ಚಬೇಕಿಲ್ಲ. ಯಾವ ಬೀಮ್ ಮೊದಲು ಏರುತ್ತದೆ ಎಂದು ಎರೆಕ್ಷನ್ ಡ್ರಾಯಿಂಗಿನಲ್ಲಿ ಬರೆಯಿರಿ. ಗರ್ಡರಿನ ನಡುವೆ ಬರುವ ಮಾಮೂಲಿ ಜೋಡಿ ಬೀಮಿಗೆ ಈ ನಿಯಮ ಕಡ್ಡಾಯವಲ್ಲ, ಆದರೂ ಕೇಳುವ ಎರೆಕ್ಟರ್‌ಗಳಿದ್ದಾರೆ.

ಬಣ್ಣ ಮತ್ತು ಕ್ಲ್ಯಾಶ್

ಕೋನ್ ಹಸಿರಾದರೆ ಕನೆಕ್ಷನ್ ಆಗಿದೆ, ಹಳದಿಯಾದರೆ ಆಗಿದೆ ಆದರೆ ತೊಡಕಿದೆ, ಕೆಂಪಾದರೆ ಆಗಿಲ್ಲ. ಹಳದಿಗೆ ಹೆಚ್ಚಾಗಿ ಬೋಲ್ಟಿನ ಅಂಚಿನ ಅಂತರ ಕಡಿಮೆಯಾಗಿರುವುದೇ ಕಾರಣ. ಹಸಿರು ಎಂದರೆ ಜ್ಯಾಮಿತಿ ಕೂತಿತು ಎಂದಷ್ಟೇ ಅರ್ಥ. 57 ಕಿಪ್ ಸಾಕೋ ಬೇಡವೋ ಅದಕ್ಕೆ ಗೊತ್ತಿಲ್ಲ.

ಕ್ಲ್ಯಾಶ್ ಚೆಕ್ ಓಡಿಸುವ ಮುನ್ನ ಆಪ್ಶನ್ಸ್‌ನಲ್ಲಿ ಬೋಲ್ಟಿನ ಸುತ್ತ ಬಿಡಬೇಕಾದ ಜಾಗವನ್ನು ಹೊಂದಿಸಿ. ವೆಬ್ ಬೋಲ್ಟಿನ ತಲೆ ಮತ್ತು ಓಎಸ್‌ಎಲ್ ಬೋಲ್ಟಿನ ನಟ್ ಒಂದೇ ಮಟ್ಟದಲ್ಲಿ, ಒಂದೇ ಮೂಲೆಯಲ್ಲಿ ಎದುರುಬದುರಾಗಿರುತ್ತವೆ. ಉಕ್ಕಿಗೆ ಉಕ್ಕು ತಾಗದಿದ್ದರೂ ರೆಂಚ್ ಹೋಗದಿರಬಹುದು. ಜಾಗ ಸಾಲದಿದ್ದರೆ ಎರಡು ಗುಂಪುಗಳನ್ನು ಸ್ಟ್ಯಾಗರ್ ಮಾಡಿ (ಎದುರುಬದುರಾಗದಂತೆ ಮೇಲೆ-ಕೆಳಗೆ ಸರಿಸಿ), ಅಥವಾ ಬೀಮ್ ಕಡೆ ವೆಲ್ಡ್‌ಗೆ ಬದಲಾಯಿಸಬಹುದೇ ಎಂದು ಫ್ಯಾಬ್ರಿಕೇಟರ್‌ನನ್ನು ಕೇಳಿ.

ಕೂರದ ಕನೆಕ್ಷನ್ನನ್ನು ಎಕ್ಸ್‌ಪ್ಲೋಡ್ ಮಾಡಿ ಕೈಯಲ್ಲಿ ತಿದ್ದುವ ಚಪಲ ಎಲ್ಲರಿಗೂ ಬರುತ್ತದೆ. ಒಡೆದ ಮೇಲೆ ಅದು ಬಿಡಿ ಆಂಗಲ್, ಬಿಡಿ ಬೋಲ್ಟ್. ರಿವಿಷನ್‌ನಲ್ಲಿ ಗರ್ಡರ್ ಬದಲಾದರೆ ಜೊತೆಗೆ ಸರಿಯುವುದಿಲ್ಲ. ಡಯಲಾಗಿನಲ್ಲಿ ಆಗದ ಸಂಗತಿ ನಿಜಕ್ಕೂ ಇದೆ ಎಂದು ಟೀಮ್ ಲೀಡ್ ಒಪ್ಪಿದ ಮೇಲಷ್ಟೇ ಒಡೆಯಿರಿ.

ನಮ್ಮ ದೇಶದ ಜಾಬಾದರೆ

ಕ್ರಮ ಇದೇ, ಅಂಕಿಗಳು ಬೇರೆ. ಉಕ್ಕಿನ ಡಿಸೈನಿಗೆ ನಮ್ಮಲ್ಲಿರುವ ಕೋಡ್ ಐಎಸ್ 800:2007ರ ಪ್ರಕಾರ ಎಂ20 ಬೋಲ್ಟಿಗೆ 22 ಮಿ.ಮೀ. ತೂತು, ಬೋಲ್ಟ್ ವ್ಯಾಸದ ಎರಡೂವರೆ ಪಟ್ಟು ಅಂದರೆ ಕನಿಷ್ಠ 50 ಮಿ.ಮೀ. ಪಿಚ್. ಅಂಚಿನ ಅಂತರ ಕತ್ತರಿಸಿದ ರೀತಿಯ ಮೇಲೆ ನಿಂತಿದೆ: ಶಿಯರ್ ಮಾಡಿದ ಅಥವಾ ಕೈಯಲ್ಲಿ ಗ್ಯಾಸ್ ಕಟಿಂಗ್ ಮಾಡಿದ ಅಂಚಿಗೆ ತೂತಿನ 1.7 ಪಟ್ಟು, ಅಂದರೆ 37.4, ರೋಲ್ ಆದ, ಗರಗಸದ ಅಥವಾ ಮೆಷಿನ್ ಗ್ಯಾಸ್ ಕಟಿಂಗ್ ಅಂಚಿಗೆ 1.5 ಪಟ್ಟು, 33. ಯಾವ ಶಾಪ್‌ನಲ್ಲಿ ಹೇಗೆ ಕತ್ತರಿಸುತ್ತಾರೋ ಗೊತ್ತಿಲ್ಲದಿದ್ದರೆ 40 ಕೊಟ್ಟುಬಿಡಿ.

ನಾಚ್ ವಿಚಾರದಲ್ಲಿ ಇನ್ನೊಂದು ಎಚ್ಚರ ಬೇಕು. ಅಮೆರಿಕದ ಡಬ್ಲ್ಯು ಸೆಕ್ಷನ್ನಿನ ಫ್ಲಾಂಜ್ ಒಂದೇ ದಪ್ಪ, ನಮ್ಮ ಐಎಸ್‌ಎಂಬಿ ಬೀಮಿನದು ಇಳಿಜಾರು; ಒಳಮುಖ ವೆಬ್ ಜೊತೆ 98 ಡಿಗ್ರಿ ಮಾಡುತ್ತದೆ. ಕ್ಯಾಟಲಾಗಿನ ಫ್ಲಾಂಜ್ ದಪ್ಪವನ್ನಷ್ಟೇ ನೋಡಿ ನಾಚ್ ಆಳ ಕೊಟ್ಟರೆ ವೆಬ್ ಹತ್ತಿರ ಬೀಮಿನ ಮೂಲೆ ಗರ್ಡರಿನ ಫ್ಲಾಂಜಿಗೆ ತಾಗುತ್ತದೆ. ಬೇರಿನ ರೇಡಿಯಸ್ ಮುಗಿಯುವ ಜಾಗದಿಂದ ಆಳವನ್ನು ಅಳೆದು ತುಂಬಿ.